ಮೆದುಳಿನ ಒಳಗೆ ವಿಟಮಿನ್ ಸಿ ಹೋಗೋ ದಾರಿ

ಹೋದ ತಿಂಗಳು ನಮ್ಮ ಬಡಾವಣೆ ಲೈಬ್ರರಿ ಹಾಲಲ್ಲಿ ಮಾತಾಡಿದ್ದನ್ನ ಬರೆದು ಹಾಕಿ ಸಾರ್ ಅಂತ ಸುಮಾರು ಜನ ಕೇಳಿದ್ರು, ಅದಕ್ಕೆ ರೆಕಾರ್ಡಿಂಗ್ ಕೇಳ್ಕೊಂಡು ಬರೀತಿದೀನಿ. ಮಾತಿನ ಥರಾನೇ ಇರ್ಲಿ ಅಂತ ಜಾಸ್ತಿ ತಿದ್ದಿಲ್ಲ, ಕೊನೇಲಿ ಜನ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನ ಸೇರಿಸಿದೀನಿ.

ವಿಟಮಿನ್ ಸಿ ಅಂದ್ರೆ ನಮಗೆ ನೆನಪಾಗೋದು ನೆಗಡಿ, ಒಸಡಲ್ಲಿ ರಕ್ತ, ಈಗೀಗ ಮುಖಕ್ಕೆ ಹಚ್ಚೋ ಸೀರಮ್ಮು. ಮೆದುಳು ಈ ಲಿಸ್ಟಲ್ಲಿ ಬರೋದೇ ಇಲ್ಲ. ಆದ್ರೆ ದೇಹದಲ್ಲಿ ಈ ವಿಟಮಿನ್ನನ್ನ ಅತಿ ಹೆಚ್ಚು ಕೂಡಿಟ್ಕೊಂಡಿರೋ ಜಾಗಗಳಲ್ಲಿ ಮೆದುಳೂ ಒಂದು. ಚೆನ್ನಾಗಿ ಊಟ ಮಾಡೋ ಮನುಷ್ಯನ ರಕ್ತದಲ್ಲಿ, ಅಂದ್ರೆ ರಕ್ತಕಣ ಬಿಟ್ಟು ಉಳಿಯೋ ದ್ರವ ಪ್ಲಾಸ್ಮಾದಲ್ಲಿ, ಇದು ಸುಮಾರು 50ರಿಂದ 60 ಮೈಕ್ರೋಮೋಲಾರ್ ಇರುತ್ತೆ (ಮೋಲಾರ್ ಅಂದ್ರೆ ಒಂದು ಲೀಟರಲ್ಲಿ ಎಷ್ಟು ಅಣು ಇದೆ ಅನ್ನೋ ಅಳತೆ). ಮೆದುಳು ಬೆನ್ನುಹುರಿ ಸುತ್ತ ಇರೋ ದ್ರವದಲ್ಲಿ, ಡಾಕ್ಟ್ರು ಸಿಎಸ್‌ಎಫ್ ಅಂತಾರಲ್ಲ ಅದ್ರಲ್ಲಿ, 200ರ ಹತ್ರ, ಅಂದ್ರೆ ಮೂರು ನಾಲ್ಕು ಪಟ್ಟು. ಇನ್ನು ನ್ಯೂರಾನ್, ಅಂದ್ರೆ ನರಕೋಶದ ಒಳಗಡೆ ಹೋದ್ರೆ 10 ಮಿಲಿಮೋಲಾರ್ ವರೆಗೂ ಇರುತ್ತೆ ಅಂತ 1998ರಲ್ಲಿ ಮಾರ್ಗರೆಟ್ ರೈಸ್ ಅವರು ಇಲಿ ಮೆದುಳಿನ ಮೇಲೆ ಕೆಲಸ ಮಾಡಿ ಲೆಕ್ಕ ಹಾಕಿದ್ರು. ಮಿಲಿ ಅಂದ್ರೆ ಮೈಕ್ರೋಗಿಂತ ಸಾವಿರ ಪಟ್ಟು, ಹಾಗಾಗಿ 10 ಮಿಲಿ ಅಂದ್ರೆ 10,000 ಮೈಕ್ರೋ. ರಕ್ತದಲ್ಲಿ 60, ನ್ಯೂರಾನ್ ಒಳಗೆ 10,000. ಇಷ್ಟು ಎತ್ತರಕ್ಕೆ ಯಾವ ಪದಾರ್ಥನೂ ತಾನಾಗೇ ಹತ್ತಲ್ಲ, ಯಾರೋ ಎಳೀತಿರ್ಬೇಕು, ಅದಕ್ಕೆ ಖರ್ಚೂ ಆಗ್ತಿರ್ಬೇಕು. ಆ ಎಳೆಯೋ ವ್ಯವಸ್ಥೆ ಏನು ಅನ್ನೋದೇ ಇವತ್ತಿನ ವಿಷಯ.

ಮೊದಲು ಸ್ವಲ್ಪ ಕೆಮಿಸ್ಟ್ರಿ, ಹೆದರ್ಬೇಡಿ, ಬೇಗ ಮುಗಿಸ್ತೀನಿ. ವಿಟಮಿನ್ ಸಿ ಅಂದ್ರೆ ಆಸ್ಕಾರ್ಬಿಕ್ ಆಸಿಡ್. ನಮ್ಮ ರಕ್ತದಲ್ಲಿ ಅದು ಒಂದು ಪ್ರೋಟಾನ್ ಬಿಟ್ಟುಕೊಟ್ಟು ನೆಗೆಟಿವ್ ಚಾರ್ಜ್ ಹೊತ್ತುಕೊಂಡು ಆಸ್ಕಾರ್ಬೇಟ್ ಆಗಿರುತ್ತೆ. ಜೀವಕೋಶದ ಪೊರೆ ಕೊಬ್ಬಿಂದು, ಚಾರ್ಜ್ ಇರೋ, ನೀರಲ್ಲಿ ಕರಗೋ ವಸ್ತು ಅದನ್ನ ದಾಟಕ್ಕಾಗಲ್ಲ. ಈ ಆಸ್ಕಾರ್ಬೇಟ್ ಕೆಲಸ ಮಾಡೋದು ಅಂದ್ರೆ ಎಲೆಕ್ಟ್ರಾನ್ ದಾನ ಮಾಡೋದು, ಎರಡು ಎಲೆಕ್ಟ್ರಾನ್ ಕೊಟ್ಟ ಮೇಲೆ ಅದು ಡಿಹೈಡ್ರೋಆಸ್ಕಾರ್ಬಿಕ್ ಆಸಿಡ್ ಅಂತ ಬೇರೆ ರೂಪ ಆಗುತ್ತೆ. ಹೆಸರು ಉದ್ದ ಆಯ್ತು, ನಾವು ಬಳಸಿದ ರೂಪ ಅಂತ ಕರೆಯೋಣ. ಈ ಬಳಸಿದ ರೂಪಕ್ಕೆ ಚಾರ್ಜ್ ಇಲ್ಲ, ಆಕಾರದಲ್ಲಿ ಗ್ಲೂಕೋಸ್‌ಗೆ ಹತ್ತಿರ, ಆದ್ರೆ ಆಯುಸ್ಸು ಬಹಳ ಕಮ್ಮಿ. ದೇಹದ ಬಿಸಿಗೆ ಕೆಲವೇ ನಿಮಿಷದಲ್ಲಿ ಒಡೆದು ಹೋಗುತ್ತೆ, ಒಂದು ಸಲ ಒಡೆದ್ರೆ ಮತ್ತೆ ವಿಟಮಿನ್ ಆಗಲ್ಲ, ಆಕ್ಸಲೇಟ್ ಕಡೆಗೆ ಹೋಗುತ್ತೆ. ಎರಡು ರೂಪ ಇದೆ, ಎರಡಕ್ಕೂ ಬೇರೆ ಬೇರೆ ಬಾಗಿಲು ಇದೆ. ಇದಿಷ್ಟು ನೆನಪಿಟ್ಕೊಳ್ಳಿ, ಮುಂದಿಂದೆಲ್ಲ ಇದ್ರ ಮೇಲೇ ನಿಂತಿರೋದು.

ಆಸ್ಕಾರ್ಬೇಟ್ ಬಾಗಿಲನ್ನ ಕಂಡು ಹಿಡಿದಿದ್ದು 1999ರಲ್ಲಿ, ಬಾಸ್ಟನ್‌ನಲ್ಲಿ ಮಥಿಯಾಸ್ ಹೆಡಿಗರ್ ಅವರ ಲ್ಯಾಬ್‌ನೋರು. ಒಂದೇ ಕುಟುಂಬದ ಎರಡು ಪ್ರೋಟೀನ್ ಸಿಕ್ಕವು, ಎಸ್‌ವಿಸಿಟಿ1 ಮತ್ತೆ ಎಸ್‌ವಿಸಿಟಿ2. ಒಂದನೇದು ಕರುಳು ಕಿಡ್ನಿಯಲ್ಲಿರೋದು, ಊಟದಿಂದ ವಿಟಮಿನ್ ಹೀರಿಕೊಳ್ಳೋದು, ಮೂತ್ರದಲ್ಲಿ ಹೋಗೋದನ್ನ ವಾಪಸ್ ಹಿಡಿಯೋದು ಅದ್ರ ಕೆಲಸ. ಎರಡನೇದು ಮೆದುಳು, ಕಣ್ಣು, ಅಡ್ರಿನಲ್ ಗ್ರಂಥಿ ಇಂಥ ಕಡೆ. ಹೊರಗಡೆ ಸೋಡಿಯಂ ಜಾಸ್ತಿ, ಕೋಶದ ಒಳಗೆ ಕಮ್ಮಿ, ಹಾಗಾಗಿ ಸೋಡಿಯಂಗೆ ಯಾವಾಗ್ಲೂ ಒಳಗೆ ನುಗ್ಗೋ ಆತುರ, ಈ ಪ್ರೋಟೀನ್ ಎರಡು ಸೋಡಿಯಂ ಅಯಾನ್ ಒಳಗೆ ಬರೋವಾಗ ಅವುಗಳ ಜೊತೆಗೆ ಒಂದು ಆಸ್ಕಾರ್ಬೇಟನ್ನ ಎಳ್ಕೊಂಡು ಬಿಡುತ್ತೆ. ಒಳಗೆ ಬಂದ ಸೋಡಿಯಂನ ಹೊರಗೆ ತಳ್ಳಕ್ಕೆ ಕೋಶ ಎಟಿಪಿ ಅನ್ನೋ ತನ್ನ ಇಂಧನದ ಅಣು ಖರ್ಚು ಮಾಡುತ್ತೆ. ನಾನು ಮೊದಲು ಹೇಳಿದ ಖರ್ಚು ಇದೇನೇ, ವಿಟಮಿನ್ನನ್ನ ಕೂಡಿಡಕ್ಕೆ ಮೆದುಳು ತನ್ನ ಶಕ್ತಿ ಸುರೀತಿದೆ.

ಇಲ್ಲಿ ಒಂದು ಒಗಟಿದೆ, ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ಮೆದುಳಿಗೆ ರಕ್ತ ತರೋ ಸಣ್ಣ ಸಣ್ಣ ರಕ್ತನಾಳಗಳ ಒಳಗೋಡೆ ಬಹಳ ಬಿಗಿ, ಅದನ್ನ ರಕ್ತ-ಮೆದುಳಿನ ತಡೆ ಅಂತೀವಿ. ಮೆದುಳಿಗೆ ಬೇಕಾದ್ದೆಲ್ಲ ಆ ಗೋಡೆ ಮೂಲಕ ಹೋಗುತ್ತೆ ಅಂತ ನಾವು ಅಂದ್ಕೋತೀವಿ, ಆದ್ರೆ ಆ ಗೋಡೆಯ ಕೋಶಗಳಲ್ಲಿ ಎಸ್‌ವಿಸಿಟಿ2 ಕಾಣಿಸಲ್ಲ. ಅಂದ್ರೆ ಅಷ್ಟು ದೊಡ್ಡ ಮೇಲ್ಮೈ ಇದ್ರೂ ಆಸ್ಕಾರ್ಬೇಟ್‌ಗೆ ಅಲ್ಲಿ ಪ್ರವೇಶ ಇಲ್ಲ! ಹಾಗಾದ್ರೆ ಎಲ್ಲಿಂದ ಹೋಗುತ್ತೆ? ಮೆದುಳಿನ ಒಳಗೆ ದ್ರವ ತುಂಬಿರೋ ಕೋಣೆಗಳಿದಾವೆ, ಆ ಕೋಣೆಗಳಲ್ಲಿ ಕೋರಾಯ್ಡ್ ಪ್ಲೆಕ್ಸಸ್ ಅಂತ ಸಣ್ಣ ಜೊಂಪೆ ಥರದ ಅಂಗಾಂಶ ಇರುತ್ತೆ, ದಿನಕ್ಕೆ ಸುಮಾರು ಅರ್ಧ ಲೀಟರ್ ಸಿಎಸ್‌ಎಫ್ ತಯಾರು ಮಾಡೋದು ಅದೇ. ಅಲ್ಲಿನ ಕೋಶಗಳಲ್ಲಿ ಎಸ್‌ವಿಸಿಟಿ2 ದಂಡಿಯಾಗಿದೆ. ರಕ್ತದಿಂದ ಆಸ್ಕಾರ್ಬೇಟ್ ಎಳ್ಕೊಂಡು ದ್ರವಕ್ಕೆ ಬಿಡ್ತವೆ, ಅಲ್ಲಿಂದ ಅದು ನಿಧಾನಕ್ಕೆ ಮೆದುಳಿನ ಅಂಗಾಂಶಕ್ಕೆಲ್ಲ ಇಳಿಯುತ್ತೆ. 1970ರ ದಶಕದಲ್ಲೇ ರೆನಾಲ್ಡ್ ಸ್ಪೆಕ್ಟರ್ ಮತ್ತೆ ಅವರ ಜೊತೆಗಾರರು ಮೊಲಗಳಲ್ಲಿ ಇದನ್ನ ತೋರಿಸಿದ್ರು, ಆಗ ಆ ಪ್ರೋಟೀನಿಗೆ ಹೆಸರೂ ಇರ್ಲಿಲ್ಲ, ಇಪ್ಪತ್ತೈದು ವರ್ಷ ಆದ್ಮೇಲೆ ಜೀನ್ ಸಿಕ್ತು. ಇಂಥ ತಾಳ್ಮೆಯ ಕೆಲಸ ಮಾಡಿದವರ ಬಗ್ಗೆ ನನಗೆ ತುಂಬಾ ಗೌರವ.

ಇನ್ನು ಬಳಸಿದ ರೂಪದ ಬಾಗಿಲು. ಗ್ಲೂಕೋಸನ್ನ ಕೋಶದೊಳಗೆ ಬಿಡೋ ಗ್ಲೂಟ್ ಅನ್ನೋ ಪ್ರೋಟೀನ್‌ಗಳು ಇದನ್ನೂ ಒಳಗೆ ಬಿಡ್ತವೆ ಅಂತ 1993ರಲ್ಲಿ ಗೊತ್ತಾಯ್ತು. ರಕ್ತನಾಳದ ಗೋಡೆಯಲ್ಲಿ ಗ್ಲೂಟ್1 ಬೇಕಾದಷ್ಟಿದೆ, ಹಾಗಾಗಿ 1997ರಲ್ಲಿ ನ್ಯೂಯಾರ್ಕ್‌ನ ಡೇವಿಡ್ ಗೋಲ್ಡ್ ಅವರ ತಂಡದವರು ವಿಟಮಿನ್ ಸಿ ಈ ಬಳಸಿದ ರೂಪದಲ್ಲೇ ತಡೆಗೋಡೆ ದಾಟುತ್ತೆ ಅಂತ ತೋರಿಸಿದ್ರು, ಒಳಗೆ ಹೋದ್ಮೇಲೆ ಅದು ಮತ್ತೆ ಆಸ್ಕಾರ್ಬೇಟ್ ಆಗಿ ಅಲ್ಲೇ ಉಳ್ಕೊಂಡುಬಿಡುತ್ತೆ. ಚೆನ್ನಾಗಿದೆ, ಆದ್ರೆ ಒಂದು ತಕರಾರು. ಆರೋಗ್ಯವಂತರ ರಕ್ತದಲ್ಲಿ ಈ ಬಳಸಿದ ರೂಪ ಇರೋದೇ ಅತ್ಯಲ್ಪ, ಅದ್ರ ಜೊತೆ ಗ್ಲೂಕೋಸ್ 5 ಮಿಲಿಮೋಲಾರ್‌ನಷ್ಟು ಇದ್ದು ಅದೇ ಬಾಗಿಲಿಗೆ ಪೈಪೋಟಿ ಮಾಡುತ್ತೆ. ಅದಕ್ಕೆ ದಿನನಿತ್ಯದ ಸರಬರಾಜಿನಲ್ಲಿ ಕೋರಾಯ್ಡ್ ಪ್ಲೆಕ್ಸಸ್ ದಾರೀನೇ ಮುಖ್ಯ ಅಂತ ನನ್ನ ಅಭಿಪ್ರಾಯ.

ರಕ್ತದಲ್ಲಿ ಬಳಸಿದ ರೂಪ ಯಾಕೆ ಅಷ್ಟು ಕಮ್ಮಿ ಅಂದ್ರೆ ನಮ್ಮ ಕೆಂಪು ರಕ್ತಕಣಗಳು ಅದನ್ನ ಕಂಡ ಕೂಡ್ಲೆ ನುಂಗಿ ಸರಿ ಮಾಡ್ತವೆ. ಒಂದೊಂದು ಕಣದ ಮೇಲೂ ಸುಮಾರು 2 ಲಕ್ಷ ಗ್ಲೂಟ್1 ಇರುತ್ತೆ. 2008ರಲ್ಲಿ ಫ್ರಾನ್ಸಿನ ಮೊಂಪೆಲಿಯೆಯ ಸಂಶೋಧಕರು ಒಂದು ಚಂದದ ವಿಷಯ ತೋರಿಸಿದ್ರು, ಕೆಂಪು ಕಣಗಳಲ್ಲಿ ಹೀಗೆ ಗ್ಲೂಟ್1 ತುಂಬಿರೋದು ವಿಟಮಿನ್ ಸಿ ತಾವೇ ತಯಾರಿಸಿಕೊಳ್ಳಕ್ಕಾಗದ ಪ್ರಾಣಿಗಳಲ್ಲಿ, ಮನುಷ್ಯ, ಗಿನಿಪಿಗ್, ಹಣ್ಣು ತಿನ್ನೋ ಬಾವಲಿ ಇಂಥವುಗಳಲ್ಲಿ. ಹಸು, ಮೇಕೆ, ಇಲಿ ಇವೆಲ್ಲ ತಮ್ಮ ಲಿವರ್‌ನಲ್ಲೇ ವಿಟಮಿನ್ ಸಿ ಮಾಡ್ಕೋತವೆ. ನಮ್ಮಲ್ಲಿ ಅದಕ್ಕೆ ಬೇಕಾದ ಕೊನೆಯ ಕಿಣ್ವದ ಜೀನ್ ಕೆಟ್ಟು ಎಷ್ಟೋ ಕೋಟಿ ವರ್ಷ ಆಗಿದೆ. ತಯಾರಿಸಕ್ಕಾಗಲ್ಲ ಅಂದ್ಮೇಲೆ ಇರೋದನ್ನ ಪೋಲು ಮಾಡದೆ ತಿರುಗಿಸಿ ತಿರುಗಿಸಿ ಬಳಸೋದು ಕಲೀಬೇಕಾಯ್ತು.

ಮೆದುಳಿನ ಒಳಗಂತೂ ಈ ತಿರುಗಿಸಿ ಬಳಸೋದು ಇನ್ನೂ ಸೊಗಸಾಗಿ ನಡೆಯುತ್ತೆ. ಮೆದುಳಲ್ಲಿ ನ್ಯೂರಾನ್ ಜೊತೆಗೆ ಆಸ್ಟ್ರೋಸೈಟ್ ಅನ್ನೋ ನಕ್ಷತ್ರದ ಆಕಾರದ ಕೋಶಗಳಿದಾವೆ. ಎಸ್‌ವಿಸಿಟಿ2 ಹೆಚ್ಚಾಗಿ ಇರೋದು ನ್ಯೂರಾನ್ ಮೇಲೆ, ಆಸ್ಟ್ರೋಸೈಟ್ ಮೇಲೆ ಗ್ಲೂಟ್1. ನ್ಯೂರಾನ್ ಆಸ್ಕಾರ್ಬೇಟ್ ತಗೊಂಡು ಬಳಸುತ್ತೆ, ಬಳಸಿದ ರೂಪ ಹೊರಗೆ ಬರುತ್ತೆ, ಪಕ್ಕದ ಆಸ್ಟ್ರೋಸೈಟ್ ಅದನ್ನ ಗ್ಲೂಟ್ ಮೂಲಕ ಒಳಗೆಳ್ಕೊಂಡು ತನ್ನ ಹತ್ರ ಇರೋ ಗ್ಲೂಟಥಯೋನ್‌ನಿಂದ ಎಲೆಕ್ಟ್ರಾನ್ ಕೊಡಿಸಿ ಮತ್ತೆ ಆಸ್ಕಾರ್ಬೇಟ್ ಮಾಡಿ ಹೊರಗೆ ಬಿಡುತ್ತೆ, ನ್ಯೂರಾನ್ ಮತ್ತೆ ತಗೊಳ್ಳುತ್ತೆ. ಖಾಲಿ ಗ್ಯಾಸ್ ಸಿಲಿಂಡರ್ ಕೊಟ್ಟು ತುಂಬಿದ್ದು ಇಸ್ಕೊಂಡ ಹಾಗೆ. ಸಿಲಿಂಡರ್ ಅದೇ, ಒಳಗಿನ ಸರಕು ಮಾತ್ರ ಹೊಸದು. ಬಳಸಿದ ರೂಪ ಕೆಲವೇ ನಿಮಿಷ ಬದುಕೋದು ಅಂದೆನಲ್ಲ, ಅದಕ್ಕೇ ಈ ಕೊಡು-ಕೊಳ್ಳೋದು ಪಕ್ಕಪಕ್ಕದಲ್ಲೇ ಬೇಗ ಬೇಗ ಆಗ್ಬೇಕು, ತಡ ಆದ್ರೆ ಆ ಅಣು ಕಳೆದೇ ಹೋಯ್ತು. ಈ ನ್ಯೂರಾನ್-ಆಸ್ಟ್ರೋಸೈಟ್ ಸಂಬಂಧದ ಮೇಲೆ ಚಿಲಿ ದೇಶದ ಕನ್ಸೆಪ್ಸಿಯೋನ್‌ನಲ್ಲಿ ಫ್ರಾನ್ಸಿಸ್ಕೊ ನುವಲಾರ್ಟ್ ಅವರ ತಂಡ, ವಾಲ್ಡಿವಿಯಾದಲ್ಲಿ ಮೈತೆ ಕಾಸ್ತ್ರೊ ಅವರ ತಂಡ ಬಹಳ ಕೆಲಸ ಮಾಡಿದಾರೆ. ಕಾಸ್ತ್ರೊ ತಂಡದವರು ಇನ್ನೊಂದು ವಿಷಯ ಗಮನಿಸಿದ್ರು, ಲ್ಯಾಬಲ್ಲಿ ಬೆಳೆಸಿದ ನ್ಯೂರಾನ್ ಒಳಗೆ ಆಸ್ಕಾರ್ಬೇಟ್ ತುಂಬಿದ್ರೆ ಅದು ಗ್ಲೂಕೋಸ್ ತಗೊಳ್ಳೋದು ಕಮ್ಮಿ ಮಾಡಿ ಲ್ಯಾಕ್ಟೇಟ್ ಕಡೆಗೆ ತಿರುಗುತ್ತೆ. ಅಂದ್ರೆ ವಿಟಮಿನ್ ಸಿ ಬರೀ ಕಾವಲುಗಾರ ಅಷ್ಟೇ ಅಲ್ಲ, ನ್ಯೂರಾನ್ ಯಾವ ಇಂಧನ ಉರಿಸ್ಬೇಕು ಅನ್ನೋದ್ರಲ್ಲೂ ಅದ್ರ ಕೈ ಇದೆ.

ಆಸ್ಟ್ರೋಸೈಟ್ ಈ ಆಸ್ಕಾರ್ಬೇಟನ್ನ ಹೊರಗೆ ಬಿಡೋದು ಯಾವಾಗ? ನ್ಯೂರಾನ್‌ಗಳು ಗ್ಲುಟಮೇಟ್ ಅನ್ನೋ ಸಂದೇಶದ ರಾಸಾಯನಿಕ ಬಿಟ್ಟು ಮಾತಾಡ್ಕೊಳ್ಳೋವಾಗ. ಆಸ್ಟ್ರೋಸೈಟ್ ಆ ಗ್ಲುಟಮೇಟನ್ನ ಒಳಗೆ ತಗೊಂಡು ಸ್ವಲ್ಪ ಊದಿಕೊಳ್ಳುತ್ತೆ, ಆಗ ಆಸ್ಕಾರ್ಬೇಟ್ ಹೊರಗೆ ಬರುತ್ತೆ. ಪ್ರಾಣಿ ಎಚ್ಚರವಾಗಿ ಓಡಾಡ್ತಿದ್ರೆ ಮೆದುಳಿನ ಸ್ಟ್ರಯೇಟಂ ಭಾಗದಲ್ಲಿ ಕೋಶದ ಹೊರಗಿನ ಆಸ್ಕಾರ್ಬೇಟ್ ಏರುತ್ತೆ, ಮಲಗಿದ್ರೆ ಇಳಿಯುತ್ತೆ. ಇದು ಗೊತ್ತಾದ ಕಥೇನೂ ಹೇಳ್ಬೇಕು. 1973ರಲ್ಲಿ ಅಮೆರಿಕದ ಕ್ಯಾನ್ಸಸ್‌ನಲ್ಲಿ ರಾಲ್ಫ್ ಆಡಮ್ಸ್ ಅನ್ನೋ ಕೆಮಿಸ್ಟ್ ಮತ್ತೆ ಅವರ ವಿದ್ಯಾರ್ಥಿಗಳು ಇಲಿ ಮೆದುಳಲ್ಲಿ ಸಣ್ಣ ಕಾರ್ಬನ್ ಎಲೆಕ್ಟ್ರೋಡ್ ಇಟ್ಟು ಡೋಪಮಿನ್ ಥರದ ರಾಸಾಯನಿಕಗಳನ್ನ ಅಳೆಯಕ್ಕೆ ಹೊರಟ್ರು, ಸಿಗ್ನಲ್ ಬಂತು, ಆಮೇಲೆ ನೋಡಿದ್ರೆ ಅದ್ರಲ್ಲಿ ಬಹುಪಾಲು ಆಸ್ಕಾರ್ಬೇಟ್. ಡೋಪಮಿನ್‌ಗಿಂತ ಅದು ಎಷ್ಟೋ ಪಟ್ಟು ಜಾಸ್ತಿ ಇತ್ತು, ಎರಡೂ ಹತ್ತಿರದ ವೋಲ್ಟೇಜ್‌ನಲ್ಲೇ ಎಲೆಕ್ಟ್ರಾನ್ ಬಿಡೋವು. ವರ್ಷಗಟ್ಟಲೆ ಜನ ಈ ಆಸ್ಕಾರ್ಬೇಟನ್ನ ಬರೀ ಗಲಾಟೆ ಅಂತ ಕಳೆದುಹಾಕೋ ಎಲೆಕ್ಟ್ರೋಡ್ ಮಾಡಕ್ಕೆ ಒದ್ದಾಡಿದ್ರು, ಕೆಲವರು ಮಾತ್ರ ನಿಂತು ಇದು ಇಷ್ಟೊಂದು ಯಾಕಿದೆ, ಯಾಕೆ ಏರಿಳಿಯುತ್ತೆ ಅಂತ ಕೇಳಿದ್ರು.

ಇಷ್ಟೆಲ್ಲ ಕೂಡಿಟ್ಟು ಮೆದುಳು ಮಾಡೋದೇನು ಅಂತ ಕೇಳ್ತೀರಿ. ಮೆದುಳು ದೇಹದ ತೂಕದಲ್ಲಿ ನೂರಕ್ಕೆ 2ರಷ್ಟು, ಆದ್ರೆ ಆಕ್ಸಿಜನ್ ತಗೊಳ್ಳೋದು ನೂರಕ್ಕೆ 20ರಷ್ಟು, ಅಷ್ಟು ಉರಿಯೋ ಕಡೆ ಸುಡೋ ಕಿಡಿಗಳೂ ಜಾಸ್ತಿ, ಅವನ್ನ ಆರಿಸಕ್ಕೆ ಆಸ್ಕಾರ್ಬೇಟ್ ಬೇಕು. ಡೋಪಮಿನ್ನಿಂದ ನಾರ್‌ಅಡ್ರಿನಲಿನ್ ಮಾಡೋ ಕಿಣ್ವಕ್ಕೆ ಎಲೆಕ್ಟ್ರಾನ್ ಕೊಡೋದೂ ಇದೇ. ರಕ್ತನಾಳದ ಗೋಡೆಗೆ ಗಟ್ಟಿತನ ಕೊಡೋ ಕೊಲಾಜೆನ್‌ಗೂ ಇದೇ ಬೇಕು.

ಬಾಗಿಲೇ ಇಲ್ದಿದ್ರೆ ಏನಾಗುತ್ತೆ ಅನ್ನೋದು 2002ರಲ್ಲಿ ತಿಳೀತು. ಇಲಿಗಳಲ್ಲಿ ಎಸ್‌ವಿಸಿಟಿ2 ಜೀನನ್ನ ತೆಗೆದುಹಾಕಿದ್ರು. ಇಲಿಗೆ ವಿಟಮಿನ್ ಸಿ ಕೊರತೆ ಅನ್ನೋದೇ ಇರಲ್ಲ, ಲಿವರ್ರೇ ತಯಾರಿಸುತ್ತೆ, ಆದ್ರೂ ಆ ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಲ್ಲೇ ಸತ್ತುಹೋದವು. ಉಸಿರಾಟ ಶುರುವಾಗಲಿಲ್ಲ, ಮೆದುಳಿನೊಳಗೆ ರಕ್ತಸ್ರಾವ ಆಗಿತ್ತು, ಮೆದುಳಲ್ಲಿ ಆಸ್ಕಾರ್ಬೇಟ್ ಅಳತೆಗೇ ಸಿಗದಷ್ಟು ಕಮ್ಮಿ. ಊರಲ್ಲಿ ವಿಟಮಿನ್ ಇದ್ದು ಮನೆಯೊಳಗೆ ಬರದೆ ಹೋದ್ರೆ ಬದುಕಿಲ್ಲ ಅಂತ ಆಯ್ತು. ನಾನು ಈ ಪ್ರಯೋಗದ ಬಗ್ಗೆ ಓದಿದಾಗಿಂದ ಎಷ್ಟು ತಿಂತೀವಿ ಅನ್ನೋದಕ್ಕಿಂತ ಎಲ್ಲಿಗೆ ಹೇಗೆ ಹೋಗುತ್ತೆ ಅನ್ನೋದನ್ನೇ ಮೊದಲು ಪಾಠ ಮಾಡ್ತೀನಿ.

ಊಟದಲ್ಲಿ ಕಮ್ಮಿ ಆದ್ರೆ? ಗಿನಿಪಿಗ್‌ಗಳಲ್ಲಿ ನೋಡಿದಾರೆ, ವಿಟಮಿನ್ ಸಿ ನಿಲ್ಲಿಸಿದ್ರೆ ಲಿವರ್ ಮುಂತಾದ ಅಂಗಗಳು ಬೇಗ ಖಾಲಿ ಆಗ್ತವೆ, ಮೆದುಳು ಮಾತ್ರ ಕೊನೇವರೆಗೂ ಬಿಟ್ಟುಕೊಡಲ್ಲ. ಎಸ್‌ವಿಸಿಟಿ2 ರಕ್ತದಲ್ಲಿ ಸ್ವಲ್ಪ ಇದ್ರೂ ಹಿಡಿದು ಎಳೆಯುತ್ತೆ, ಒಳಗೆ ತಿರುಗಿಸಿ ಬಳಸೋದೂ ಇದೆಯಲ್ಲ. ಆದ್ರೂ ಪೂರ್ತಿ ರಕ್ಷಣೆ ಸಿಗಲ್ಲ. ಕೋಪನ್‌ಹೇಗನ್‌ನ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹುಟ್ಟಿದ ಹೊಸದರಲ್ಲೇ ಕೊರತೆ ಅನುಭವಿಸಿದ ಗಿನಿಪಿಗ್ ಮರಿಗಳ ಹಿಪ್ಪೋಕ್ಯಾಂಪಸ್‌ನಲ್ಲಿ, ಅಂದ್ರೆ ಮೆದುಳಲ್ಲಿ ನೆನಪಿಗೆ ಬೇಕಾದ ಭಾಗದಲ್ಲಿ, ನ್ಯೂರಾನ್ ಕಮ್ಮಿ ಇದ್ದವು, ದಾರಿ ನೆನಪಿಟ್ಟುಕೊಳ್ಳೋ ಪರೀಕ್ಷೆಯಲ್ಲೂ ಹಿಂದೆ ಬಿದ್ದವು. ಸ್ಕರ್ವಿ, ಅಂದ್ರೆ ಈ ವಿಟಮಿನ್ ತೀರಾ ಕಮ್ಮಿ ಆಗಿ ಒಸಡಲ್ಲಿ ರಕ್ತ ಬರೋ ಕಾಯಿಲೆ, ಬರುವಷ್ಟು ಕೊರತೆ ಅದಲ್ಲ, ಮೇಲ್ನೋಟಕ್ಕೆ ಮರಿಗಳು ಚೆನ್ನಾಗೇ ಇದ್ದವು. ಮನುಷ್ಯರಲ್ಲೂ ಹಳೇ ದಾಖಲೆ ಇದೆ. 1960ರ ದಶಕದ ಕೊನೇಲಿ ಅಮೆರಿಕದ ಅಯೋವಾದಲ್ಲಿ ಜೈಲಿನ ಸ್ವಯಂಸೇವಕರಿಗೆ ವಿಟಮಿನ್ ಸಿ ಇಲ್ಲದ ಆಹಾರ ಕೊಟ್ಟು ನೋಡಿದ್ರು, ಅವರಲ್ಲಿ ಸುಸ್ತು, ಮಂಕು ಕವಿಯೋದು, ಯಾವುದ್ರಲ್ಲೂ ಆಸಕ್ತಿ ಇಲ್ಲದಿರೋದು ಕಾಣಿಸ್ತು. ಕೈದಿಗಳ ಮೇಲೆ ಅಂಥ ಪ್ರಯೋಗ ಇವತ್ತು ಯಾರೂ ಮಾಡ್ಬಾರ್ದು, ಆದ್ರೆ ಅವರು ಅನುಭವಿಸಿದ್ದು ವ್ಯರ್ಥ ಆಗದಿರ್ಲಿ ಅಂತ ನಾನು ಹೇಳ್ತೀನಿ. ಒಸಡು ನೋಡಿ ಸ್ಕರ್ವಿ ಅನ್ನೋ ಡಾಕ್ಟ್ರು ಮನಸ್ಸಿನ ಮಂಕನ್ನೂ ಕೇಳ್ಬೇಕು.

ಈಗ ಪ್ರಶ್ನೆಗಳು. ಮೊದಲ ಸಾಲಲ್ಲಿ ಕೂತಿದ್ದ ಒಬ್ಬ ಹುಡುಗ ಕೇಳಿದ, ಹಂಗಾದ್ರೆ ದಿನಾ 1000 ಮಿಲಿಗ್ರಾಂ ಮಾತ್ರೆ ತಗೊಂಡ್ರೆ ಬ್ರೈನ್ ಚುರುಕಾಗುತ್ತಾ ಸಾರ್ ಅಂತ. ಇಲ್ಲಪ್ಪ. 1996ರಲ್ಲಿ ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಮಾರ್ಕ್ ಲೆವಿನ್ ಅವರು 7 ಜನ ಆರೋಗ್ಯವಂತ ಯುವಕರನ್ನ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲೇ ಇಟ್ಕೊಂಡು ಬೇರೆ ಬೇರೆ ಡೋಸ್ ಕೊಟ್ಟು ಅಳೆದ್ರು. ದಿನಕ್ಕೆ 200 ಮಿಲಿಗ್ರಾಂ ಹೊತ್ತಿಗೇ ರಕ್ತದ ಮಟ್ಟ ಹತ್ತಿರ ಹತ್ತಿರ ಗರಿಷ್ಠಕ್ಕೆ ಬಂದುಬಿಡ್ತು, ಅದಕ್ಕಿಂತ ಎಷ್ಟೋ ಪಟ್ಟು ಕೊಟ್ರೂ ಏರಿದ್ದು ಸ್ವಲ್ಪ. ಕರುಳು ಅಷ್ಟೇ ಹೀರುತ್ತೆ, ಕಿಡ್ನಿ ಉಳಿದಿದ್ದನ್ನ ಹೊರಗೆ ಹಾಕುತ್ತೆ. ರಕ್ತದಲ್ಲಿ ಆ ಸ್ವಲ್ಪ ಏರಿದ್ರೂ ಕೋರಾಯ್ಡ್ ಪ್ಲೆಕ್ಸಸ್‌ನ ಬಾಗಿಲು ಆಗ್ಲೇ ತುಂಬಿ ಓಡ್ತಿರುತ್ತೆ, ಹೊರಗೆ ಜನ ಜಾಸ್ತಿ ನಿಂತ್ರೆ ಒಳಗೆ ಹೋಗೋ ವೇಗ ಹೆಚ್ಚಾಗಲ್ಲ. ಆಮೇಲೆ ವರ್ಷಗಟ್ಟಲೆ ದೊಡ್ಡ ಡೋಸ್ ತಗೊಂಡ್ರೆ ಮೂತ್ರದಲ್ಲಿ ಆಕ್ಸಲೇಟ್ ಏರುತ್ತೆ, ಕಿಡ್ನಿ ಕಲ್ಲು ಆಗಿರೋರು ಇದ್ರ ತಂಟೆಗೆ ಹೋಗ್ಬೇಡಿ.

ಒಬ್ಬ ಮೇಡಂ ಕೇಳಿದ್ರು, ನಮ್ಮತ್ತೆಗೆ ಅಲ್ಜೈಮರ್ಸ್ ಇದೆ, ಕೊಡಬಹುದಾ? ಅವರ ಡಾಕ್ಟ್ರನ್ನ ಕೇಳದೆ ಡೋಸ್ ಏರಿಸ್ಬೇಡಿ ಅಂದೆ. 2012ರಲ್ಲಿ ಪ್ರಕಟ ಆದ ಒಂದು ಟ್ರಯಲ್‌ನಲ್ಲಿ ಅಲ್ಜೈಮರ್ಸ್ ಇರೋರಿಗೆ ವಿಟಮಿನ್ ಇ, ವಿಟಮಿನ್ ಸಿ, ಲಿಪೋಯಿಕ್ ಆಸಿಡ್ ಮೂರೂ ಸೇರಿಸಿ 16 ವಾರ ಕೊಟ್ರು. ಆಕ್ಸಿಡೇಷನ್‌ನಿಂದ ಆಗೋ ಹಾನಿ ತೋರಿಸೋ ಒಂದು ಗುರುತು ಸಿಎಸ್‌ಎಫ್‌ನಲ್ಲಿ ಕಮ್ಮಿ ಆಯ್ತು, ಆದ್ರೆ ನೆನಪಿನ ಪರೀಕ್ಷೆಯ ಅಂಕ ಇನ್ನೂ ಬೇಗ ಇಳೀತು. ಕೊರತೆ ಇದ್ರೆ ತುಂಬಿಸ್ಬೇಕು, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ತುಂಬಿರೋದ್ರ ಮೇಲೆ ಸುರಿದ್ರೆ ಕಾಯಿಲೆ ವಾಸಿಯಾಗುತ್ತೆ ಅಂತ ನಂಬಿಸೋರಿಂದ ದೂರ ಇರಿ.

ಸ್ಟ್ರೋಕ್ ಬಗ್ಗೆ ಒಬ್ರು ನರ್ಸ್ ಕೇಳಿದ ಪ್ರಶ್ನೆ ಚೆನ್ನಾಗಿತ್ತು, ಈ ಎರಡು ಬಾಗಿಲ ವಿಷ್ಯ ಚಿಕಿತ್ಸೆಗೆ ಉಪಯೋಗ ಆಗುತ್ತಾ ಅಂತ. 2001ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ಸ್ಟ್ರೋಕ್ ಮಾಡಿಸಿ ಕೆಲವಕ್ಕೆ ಆಸ್ಕಾರ್ಬೇಟ್, ಕೆಲವಕ್ಕೆ ಬಳಸಿದ ರೂಪ ರಕ್ತನಾಳಕ್ಕೆ ಕೊಟ್ರು. ಆಸ್ಕಾರ್ಬೇಟ್ ಕೊಟ್ಟವಕ್ಕೆ ಲಾಭ ಆಗಲಿಲ್ಲ, ಗ್ಲೂಟ್ ಬಾಗಿಲಿಂದ ನುಗ್ಗೋ ಬಳಸಿದ ರೂಪ ಕೊಟ್ಟವಕ್ಕೆ ಮೆದುಳಿನ ಹಾನಿ ಕಮ್ಮಿ ಆಯ್ತು. ಇಲಿಯಲ್ಲಿ ಆಗಿದ್ದು, ಮನುಷ್ಯರಿಗೆ ಚಿಕಿತ್ಸೆ ಆಗಿ ಬಂದಿಲ್ಲ, ಆದ್ರೆ ದಾರಿ ತಿಳಿದ್ರೆ ಏನೇನು ಯೋಚಿಸಬಹುದು ಅನ್ನೋದಕ್ಕೆ ಅದು ಒಳ್ಳೆ ಉದಾಹರಣೆ.

ಕೊನೇಲಿ ನಾನೇ ಎತ್ತಿದ ವಿಷಯ, ನಮ್ಮ ಮನೆಗಳಲ್ಲಿರೋ ವಯಸ್ಸಾದೋರು. 2011ರಲ್ಲಿ ಪ್ರಕಟ ಆದ ಒಂದು ದೊಡ್ಡ ಅಧ್ಯಯನದಲ್ಲಿ 60 ದಾಟಿದವರ ರಕ್ತ ಪರೀಕ್ಷೆ ಮಾಡಿದ್ರು, ಉತ್ತರ ಭಾರತದಲ್ಲಿ ಸುಮಾರು ನೂರಕ್ಕೆ 74 ಜನಕ್ಕೆ, ದಕ್ಷಿಣದಲ್ಲಿ ನೂರಕ್ಕೆ 46 ಜನಕ್ಕೆ ವಿಟಮಿನ್ ಸಿ ಕೊರತೆ ಇತ್ತು. ಕೊರತೆ ಅಂದ್ರೆ ಪ್ಲಾಸ್ಮಾದಲ್ಲಿ 11 ಮೈಕ್ರೋಮೋಲಾರ್‌ಗಿಂತ ಕಮ್ಮಿ. ಹಣ್ಣು ತರಕಾರಿ ಕಮ್ಮಿ ತಿನ್ನೋದ್ರ ಜೊತೆಗೆ ತಂಬಾಕು, ಸೌದೆ-ಬೆರಣಿ ಒಲೆಯ ಹೊಗೆ ಇವೂ ಕೊರತೆ ಜೊತೆ ತಳುಕು ಹಾಕ್ಕೊಂಡಿದ್ದವು. ಹೊಗೆ ಒಳಗೆ ಹೋದ್ರೆ ಆಸ್ಕಾರ್ಬೇಟ್ ಅದನ್ನ ಎದುರಿಸಕ್ಕೇ ಖರ್ಚಾಗಿ ಹೋಗುತ್ತೆ. ಒಂದು ಕಡೆ ಸಾವಿರ ಮಿಲಿಗ್ರಾಂ ಮಾತ್ರೆ ಮಾರಾಟ ನಡೀತಿದೆ, ಇನ್ನೊಂದು ಕಡೆ ಅಜ್ಜ ಅಜ್ಜಿ ರಕ್ತದಲ್ಲಿ ಮೆದುಳು ಎಳ್ಕೊಳ್ಳಕ್ಕೂ ಸಾಲದಷ್ಟು ಕಮ್ಮಿ ಇದೆ. ಇದು ನನಗೆ ನಿಜವಾಗ್ಲೂ ಸಂಕಟ ಆಗೋ ವಿಷಯ.

ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿರೋದು ದಿನಕ್ಕೆ ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65. ಒಂದು ಮಧ್ಯಮ ಗಾತ್ರದ ಸೀಬೆಹಣ್ಣಲ್ಲೇ ಅದು ಮುಗಿಯುತ್ತೆ, ನೂರು ಗ್ರಾಂ ಸೀಬೆಯಲ್ಲಿ 200ರ ಆಸುಪಾಸು ಇರುತ್ತೆ. ಆದ್ರೆ ಹಲ್ಲಿಲ್ಲದೋರು ಸೀಬೆ ಕಚ್ಚಕ್ಕಾಗಲ್ಲ, ಬೀಜ ಹಲ್ಲುಸೆಟ್ಟಿಗೆ ಸಿಕ್ಕೊಳುತ್ತೆ ಅಂತ ಬಿಟ್ಟುಬಿಡ್ತಾರೆ, ಮನೇಲಿ ಮೆತ್ತಗೆ ಬೇಯಿಸಿದ ಅನ್ನ ಸಾರು ಮಾತ್ರ ಕೊಡ್ತೀವಿ, ಬೇಯಿಸಿದಷ್ಟೂ ಈ ವಿಟಮಿನ್ ಹೋಗುತ್ತೆ. ಹಣ್ಣಾದ ಸೀಬೆಯ ತಿರುಳನ್ನ ಕಿವುಚಿ ಸೋಸಿ ಕೊಡಿ. ನಿಂಬೆರಸ ಸಾರಿಗೆ ಹಿಂಡೋದಾದ್ರೆ ಒಲೆ ಆರಿಸಿದ ಮೇಲೆ ಹಿಂಡಿ. ನೆಲ್ಲಿಕಾಯಿ ಕಾಲದಲ್ಲಿ ಹಸಿ ನೆಲ್ಲಿಕಾಯಿ ತುರಿದು ಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ ಸೇರಿಸಿದ್ರೆ ತಂಬುಳಿ ಆಯ್ತು, ಬೇಯಿಸೋ ಹಾಗೇ ಇಲ್ಲ, ಅಗಿಯೋ ಕಷ್ಟನೂ ಇಲ್ಲ, ಅನ್ನಕ್ಕೆ ಕಲಸಿ ಕೊಟ್ರೆ ವಯಸ್ಸಾದೋರು ಖುಷಿಯಾಗಿ ತಿಂತಾರೆ, ಮಾಡಿದ ದಿನಾನೇ ಖಾಲಿ ಮಾಡಿ.